ಹರಿಗೋಲಿನಲ್ಲಿ ಕಡಲ್ಗಳ್ಳ

ಹೊಸಪೇಟೆಯ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರಿಗೆ ಡಚ್ ಕಡಲ್ಗಳ್ಳನೊಬ್ಬನ ಹುಚ್ಚು. ಹಡಗು ದೋಚುತ್ತಲೇ ಹೊಸ ದ್ವೀಪಗಳ ನಕ್ಷೆ ಬರೆದವನು ಅವನು. ಗಂಟೆ ಬಾರಿಸಿದರೂ ಮೇಷ್ಟ್ರು ಗಾಳಿಯನ್ನು ಒತ್ತಿದಂತೆ ಅಂಗೈ ಕೆಳಗಿಳಿಸಿ, "ಕತಿ ಮುಗಿಯೂತನಕ ಯಾರೂ ಏಳಬ್ಯಾಡ್ರಿ" ಎನ್ನುತ್ತಿದ್ದರು.

ಹಂಪಿಗೆ ಕರೆದೊಯ್ದ ದಿನ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದೆವು. ಅಣೆಕಟ್ಟಿನಿಂದ ನೀರು ಬಿಟ್ಟದ್ದು ನಡುಹೊಳೆಯಲ್ಲೇ ಗೊತ್ತಾಯಿತು. ಹರಿಗೋಲು ಗಿರ್ರನೆ ತಿರುಗಿ ಬಂಡೆಗೆ ಬಡಿದು, ನೀರು ಒಳಗೆ ನುಗ್ಗಿತು. ಆ ಸುತ್ತು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ. ಎಲ್ಲರೂ ಕಿರುಚುತ್ತ ಏಳತೊಡಗಿದೆವು.

"ಎದ್ರ ಮಗಚ್ತೈತಿ!" ಎಂದು ಅಂಬಿಗ ಕೂಗಿದ. ಯಾರೂ ಕೇಳಲಿಲ್ಲ.

ಮೇಷ್ಟ್ರ ಅಂಗೈ ಕೆಳಗಿಳಿಯಿತು. "ಕತಿ ಮುಗಿದಿಲ್ಲ, ಕುಂದ್ರಿ! ಅವನ ಹಡಗೂ ಹಿಂಗ ಕಲ್ಲಿಗೆ ಬಡೀತು."

ಅಭ್ಯಾಸಬಲದಿಂದ ಎಲ್ಲರೂ ಕುಳಿತುಬಿಟ್ಟೆವು.

"ಸತ್ನೇನ್ರೀ ಸರ್?" ಪಕ್ಕದ ಗೆಳತಿ ಅಳುತ್ತಲೇ ಕೇಳಿದಳು.

"ಅಷ್ಟು ಜಲ್ದಿ ಸಾಯೂ ಮಗ ಅಲ್ಲವ್ವ ಅವ. ನೀ ನೀರು ಹೊರಗ ಚೆಲ್ಲು, ಹೇಳ್ತೀನಿ."

ಅಂಬಿಗ ಹುಟ್ಟು ಹಾಕಿ ದಡ ಮುಟ್ಟಿಸುವವರೆಗೂ ಬೊಗಸೆಯಿಂದ ನೀರು ಚೆಲ್ಲುತ್ತ ಕೇಳಿದೆವು. ದಡದಲ್ಲಿ ನಮ್ಮಲ್ಲಿ ಕೊನೆಯವಳೂ ಇಳಿದ ಮೇಲೆಯೇ, "ಮುದುಕ ಆಗಿ ಹಾಸಿಗ್ಯಾಗ ಸತ್ತ" ಎಂದು ಮುಗಿಸಿದರು. ತಾವು ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಅಂಬಿಗ ಅವರನ್ನು ಎತ್ತಿಕೊಂಡೇ ಇಳಿಸಿದ.