ಇಬ್ಬನಿ ಬೀಳದ ಪಾತಿ

ಮಹದೇವಿಯ ಬೆರಳಿಗೆ ನೆಟಿಗೆ ಬರುತ್ತಿರಲಿಲ್ಲ. ಯಳಂದೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ದೊಡ್ಡಬಸಮ್ಮ ಸಂಜೆಯಾದರೆ ಸೊಸೆಯ ಕೆನ್ನೆ ನೀವಿ, ಹತ್ತೂ ಬೆರಳನ್ನು ತನ್ನ ಕಣತಲೆಗೆ ಒತ್ತಿ ಪಟಪಟನೆ ನೆಟಿಗೆ ಮುರಿಯುತ್ತಿದ್ದಳು. ಬಿದ್ದ ದೃಷ್ಟಿಯೆಲ್ಲ ಆ ಸದ್ದಿಗೆ ಒಡೆದುಹೋಗಬೇಕು. ಸೊಸೆಗಷ್ಟೇ ಅಲ್ಲ, ಈದ ಎಮ್ಮೆಗೂ ತೆಗೆಯುತ್ತಿದ್ದಳು, ಮೊಗ್ಗು ಕಚ್ಚಿದ ಗಿಡಕ್ಕೂ ತೆಗೆಯುತ್ತಿದ್ದಳು. ಹಬ್ಬದ ದಿನ ಹೊಸ ಅಂಗಿ ತೊಟ್ಟ ಮಗ ಜಡೇಸ್ವಾಮಿಯನ್ನು ತಲೆ ಬಗ್ಗಿಸಿ ನಿಲ್ಲಿಸಿಕೊಂಡು ತೆಗೆಯುತ್ತಿದ್ದಳು.

"ಎಲ್ಲಿ, ನೀನೊಂದ್ಸಲ ತೆಗಿ ನೋಡವ," ಎಂದು ಕೆಣಕಿದಾಗ ಮಹದೇವಿ ಬೆರಳು ಒತ್ತಿಕೊಂಡಳು. ಒಂದೂ ಉಲಿಯಲಿಲ್ಲ.

"ಅಯ್ಯೋ ಕಣ್ಣು, ನಿಂದು ಬೆರಳಲ್ಲ, ಬೇಯ್ಸಿದ್ ಬೆಂಡೆಕಾಯಿ!"

'ಕಣ್ಣು' ಎನ್ನುವುದು ದೊಡ್ಡಬಸಮ್ಮನ ತವರಿನ ಮುದ್ದಿನ ಮಾತು. ಅವಳು ಪಾಲಾರಿನ ಕಡೆಯವಳು. ಅಲ್ಲಿ ಹೊಳೆಯ ಆಚೆ ತಮಿಳು, ಈಚೆ ಕನ್ನಡ, ಜನರ ಬಾಯಲ್ಲಿ ಎರಡೂ. ಅಲ್ಲಿಂದ ಹನೂರಿನ ಹತ್ತಿರದ ಈ ಊರಿಗೆ ಬರುವಾಗ ಅವಳು ಸೆರಗಿನ ಗಂಟಿನಲ್ಲಿ ಕನಕಾಂಬರದ ಬೀಜ ಕಟ್ಟಿಕೊಂಡು ಬಂದಿದ್ದಳು. ಸಂತೆಯಲ್ಲಿ ಕಾಣುವ ಹೂವಿನ ಬಣ್ಣವಲ್ಲ ಅದು. ಒಲೆಯಿಂದ ಆಗಷ್ಟೇ ಎಳೆದ ಕೆಂಡದ ಬಣ್ಣ. ಗಂಡ ತೀರಿಕೊಂಡ ಮೇಲೆ ಅವಳು ಮುಡಿಯಲಿಲ್ಲ. ಬೆಳೆದಳು, ಬಿಡಿಸಿದಳು, ಕಟ್ಟಿದಳು, ಬೇರೆಯವರ ತುರುಬಿನಲ್ಲಿ ನೋಡಿದಳು.

ಮಹದೇವಿ ಆ ಮನೆಯಲ್ಲಿ ಕಳೆದ ಮೊದಲ ಚಳಿಗಾಲಗಳೆಲ್ಲ ಅತ್ತೆಯ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದ ಚಳಿಗಾಲಗಳೇ. ಗಂಡ ಜಡೇಸ್ವಾಮಿ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನವನು. ಕಬ್ಬು ಅರೆಯುವ ಕಾಲದಲ್ಲಿ ಮನೆಗೆ ನೆಂಟನಂತೆ ಬರುತ್ತಿದ್ದ. ಅತ್ತೆಗೆ ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಬಲಗಾಲು ಮಡಿಸಲು ಬರುತ್ತಿರಲಿಲ್ಲ. ಒಂದು ಮಗ್ಗುಲಾಗಿ, ಎಡಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಬಲಗಾಲನ್ನು ಕೋಲಿನಂತೆ ನೀಟಿ ಮಲಗುತ್ತಿದ್ದಳು. ಕಂಬಳಿ ಸಾಲದೆ ಮಹದೇವಿ ನಡುಗಿದರೆ ಬೆನ್ನನ್ನು ಇನ್ನಷ್ಟು ಒತ್ತಿ, "ಈ ಕಡೀಕ್ ಬಾ ಕಣ್ಣು. ಬೆನ್ಗೆ ಬೆನ್ನೇ ಕಂಬ್ಳಿ," ಎನ್ನುತ್ತಿದ್ದಳು.

ಅಂಥ ಮುದುಕಿ ಹಿಂದಿನ ಬೇಸಿಗೆಯಲ್ಲಿ, ಹೂ ಬಿಡಿಸುತ್ತಲೇ, ಗಿಡಗಳ ನಡುವೆ ಕುಸಿದು ಜೀವ ಬಿಟ್ಟಳು.

ಆ ವರ್ಷದ ಮಳೆ ಬಿಡಲೇ ಇಲ್ಲ. ಹಿತ್ತಲಿನ ಹೂತೋಟದಲ್ಲಿ ನೀರು ನಿಂತು ಬೇರು ಕೊಳೆತು ಗಿಡಗಳು ಒಂದರ ಹಿಂದೆ ಒಂದು ಒಣಗಿದವು. ಮನೆಯಲ್ಲಿ ಉಳಿದಿದ್ದ ಬೀಜವನ್ನು ಮಹದೇವಿ ಹೊಸ ಪಾತಿಗೆ ಹಾಕಿದಳು. ಅದೂ ಕೊಳೆಯಿತು. ಹೂವು ಕೊಂಡು ಹನೂರಿಗೆ ಸಾಗಿಸುವ ಶಂಕರ್ ಮೊಪೆಡ್ಡಿನ ಮೇಲೆ ಕೂತೇ ಹೇಳಿದ: "ಓಗ್ಲಿ ಬುಡಕ್ಕ. ಡೆಲ್ಲಿ ಕನಕಾಂಬ್ರದ ಕಡ್ಡಿ ತಂದ್ಕೊಡ್ತೀನಿ, ನೆಡು. ಊವು ಊವೇ." ಅತ್ತೆಯ ತವರಿನ ಗಂಟಿನಲ್ಲಿ ಬಂದದ್ದು ತನ್ನ ಕೈಯಲ್ಲಿ ಮುಗಿಯಿತಲ್ಲ ಎನ್ನುವುದೊಂದೇ ಮಹದೇವಿಯ ಎದೆಯಲ್ಲಿ ಕೂತಿತ್ತು.

ಮಾರ್ಗಶಿರ ಬಂತು. ಒಂದು ಬೆಳಗಿನ ಜಾವ ಮಹದೇವಿ ಹಿತ್ತಲಲ್ಲಿ ಹಂಡೆಯ ಒಲೆಗೆ ಸೌದೆ ತುರುಕುತ್ತಿದ್ದಳು. ಮಂಜಿಗೆ ಬೇಲಿಯೇ ಕಾಣುತ್ತಿರಲಿಲ್ಲ. ಆಗ ಅವಳ ಬೆನ್ನ ಹಿಂದೆ, ತಲೆಗಿಂತ ಸ್ವಲ್ಪ ಮೇಲೆ, ಯಾರೋ ನೆಟಿಗೆ ಮುರಿದರು.

ಟಪ್.

ಸುಮ್ಮನಾಯಿತು. ಮತ್ತೆ ಟಪ್, ಟಪ್.

"ಅತ್ತೆಮ್ಮಾ," ಎಂಬ ಮಾತು ತಾನಾಗಿ ಬಾಯಿಂದ ಜಾರಿತು.

ಬೇಲಿಯಾಚೆಯ ಚಾಮುಂಡಮ್ಮನಿಗೂ ಸದ್ದು ಕೇಳಿಸಿತ್ತು. ಅವಳು ಈ ಮನೆಯ ಕಷ್ಟಸುಖ ಎಲ್ಲ ಬಲ್ಲ ನೆರೆಯವಳು, ವಯಸ್ಸಿನಲ್ಲಿ ಹಿರಿಯಳು. ಚಿಮಣಿ ದೀಪ ಹಿಡಿದು ಬಂದಳು. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಸೂರಿನ ಕೆಳಗೆ ನೋಡಿದರು. ಹೆಂಚಿನ ಸಂದಿಯಲ್ಲಿ ಬಾಳೆನಾರಿನಿಂದ ಕಟ್ಟಿದ ಒಣ ಕಟ್ಟೊಂದನ್ನು ಸಿಕ್ಕಿಸಿಟ್ಟಿತ್ತು. ಕನಕಾಂಬರದ ಒಣತೆನೆಗಳು. ಮಳೆ ಮುಗಿದ ಮೇಲೆ ಹೆಂಚು ಸರಿದಿದ್ದ ಜಾಗದಿಂದ ಇಬ್ಬನಿ ತಟ್ಟಿದಂತೆಲ್ಲ ಒಂದೊಂದೇ ಕಾಯಿ ಟಪ್ಪೆಂದು ಸಿಡಿದು ಬೀಜ ಹಾರಿಸುತ್ತಿತ್ತು. ಕನಕಾಂಬರದ ಕಾಯಿಯ ಗುಣವೇ ಅದು. ಒಣಗಿದ್ದಾಗ ಎಷ್ಟು ಹಿಸುಕಿದರೂ ಬಾಯಿ ಬಿಡದು, ತೇವ ತಾಗಿದರೆ ತಡೆಯದು.

"ನಿಮ್ಮತ್ತೆ ಬಚ್ಚಿಟ್ಟಿದ್ದು ಕಣಮ್ಮಿ," ಎಂದು ಚಾಮುಂಡಮ್ಮ ಉಸಿರು ಬಿಟ್ಟಳು. "ನಾನು ಮುದ್ಕೀನೇ ಬಂದ್ಲು ಅಂದ್ಕಂಡೆ. ನನ್ ಜೀವ ಬಾಯಿಗ್ ಬಂದಿತ್ತು."

ಮಹದೇವಿ ಕಟ್ಟನ್ನು ಒಣಸೆರಗಿನಲ್ಲಿ ಸುತ್ತಿ ಒಳಗೆ ಓಡಿದಳು. ಒಂದು ಹಿಡಿ ಬೀಜ ಉಳಿದಿತ್ತು.

ಮುಂದಿನ ಮಳೆಗಾಲದವರೆಗೆ ಇಟ್ಟುಕೊಳ್ಳುವಂತಿರಲಿಲ್ಲ. "ಎಲ್ಡು ಚಳಿ ಕಂಡ ಬೀಜ್ದಲ್ಲಿ ಜೀವಿಲ್ಲ" ಎಂದು ಅತ್ತೆಯೇ ಹೇಳುತ್ತಿದ್ದಳು. ಈ ಬೀಜಕ್ಕೆ ಇದು ಎರಡನೆಯ ಚಳಿ. ಹಾಕಿದರೆ ಈಗ, ಇಲ್ಲವಾದರೆ ಇಲ್ಲ.

"ಈ ಚಳೀಲಿ ಮನ್ಸರೇ ಕಂಬ್ಳಿ ಬುಟ್ಟು ಏಳಲ್ಲ, ನಿನ್ ಬೀಜ ಎದ್ದದಾ?" ಎಂದು ಚಾಮುಂಡಮ್ಮ ನಕ್ಕಳು. ಮಹದೇವಿ ಒಣಗಿದ ತೋಟದ ನಡುವೆ, ಅತ್ತೆ ಕುಸಿದ ಜಾಗಕ್ಕೆ ಹತ್ತಿರದಲ್ಲೇ, ಅಗಲವಾದ ಪಾತಿ ಮಾಡಿದಳು. ಗೊಬ್ಬರ ಜರಡಿ ಹಿಡಿದು ಹರಡಿದಳು. ಬೀಜ ಎಲ್ಲ ಕಡೆಗೂ ಒಂದೇ ಸಮ ಬೀಳುವಂತೆ ಮರಳಿನಲ್ಲಿ ಬೆರೆಸಿ ಎರಚಿದಳು. ಇರುವೆ ಬಾರದಂತೆ ಸುತ್ತ ಬೂದಿ ಸುರಿದಳು. ನೀರನ್ನು ಹಂಡೆಯಿಂದ ಉಗುರುಬೆಚ್ಚಗೆ ತಂದು ಚಿಮುಕಿಸಿದಳು.

ದಿನಗಳು ಕಳೆದರೂ ಏನೂ ಏಳಲಿಲ್ಲ. ಬೆಳಿಗ್ಗೆ ಕೈಯಿಟ್ಟರೆ ಮಣ್ಣು ಕಲ್ಲಿನಂತೆ ತಣ್ಣಗಿರುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಇಡೀ ಪಾತಿ ಇಬ್ಬನಿಗೆ ಬೆಳ್ಳಗಿತ್ತು. ಒಂದು ಮಗ್ಗುಲಲ್ಲಿ ಉದ್ದಕ್ಕೆ ಒಂದು ಪಟ್ಟೆ ಮಾತ್ರ ಒಣಗಿತ್ತು, ಯಾರೋ ಆಗಷ್ಟೇ ಎದ್ದುಹೋದ ಚಾಪೆಯಂತೆ.

"ನಾಯಿ ಮಲಗಿರ್ತದೆ," ಎಂದಳು ಚಾಮುಂಡಮ್ಮ.

ಮಹದೇವಿ ಪಾತಿಯ ಸುತ್ತ ಜಾಲಿಮುಳ್ಳು ಕಟ್ಟಿದಳು. ಮರುದಿನ ಮುಳ್ಳು ಒಂದೂ ಕದಲಿರಲಿಲ್ಲ. ಬೂದಿಯ ಮೇಲೆ ಹೆಜ್ಜೆಯೂ ಇರಲಿಲ್ಲ. ಒಣ ಜಾಗ ಅಲ್ಲೇ ಇತ್ತು. ಅದರ ಮೇಲೆ ಅಂಗೈ ಇಟ್ಟಳು. ಮಗು ಎದ್ದ ಹಾಸಿಗೆಯಷ್ಟು ಬೆಚ್ಚಗಿತ್ತು.

ಅದೇ ಹೊತ್ತಿಗೆ ಸದ್ದು ಬಂತು. ಟಪ್, ಟಪ್.

ಒಳಗೆ ಹೋಗಿ, ಬೀಜ ತೆಗೆದ ಮೇಲೆ ತೆನೆಗಳನ್ನು ಕಟ್ಟಿಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದಳು. ತೆನೆಗಳಲ್ಲಿ ಒಂದು ಕಾಯಿಯೂ ಮುಚ್ಚಿರಲಿಲ್ಲ. ಎಲ್ಲವೂ ಸೀಳಿ, ಖಾಲಿಯಾಗಿ, ಬಾಯಿ ತೆರೆದುಕೊಂಡಿದ್ದವು. ಹಿತ್ತಲಿನಲ್ಲಿ ನೆಟಿಗೆ ಮುರಿಯುತ್ತಲೇ ಇತ್ತು.

ಚಾಮುಂಡಮ್ಮನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಅವಳು ಬೆಳಗಿನ ಹೊತ್ತು ಬೇಲಿಯ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದಳು.

ಆಮೇಲೆ ಸಸಿ ಎದ್ದವು. ಬೀಜ ಎಲ್ಲ ಕಡೆ ಬಿದ್ದಿದ್ದರೂ ಎದ್ದದ್ದು ಆ ಒಣ ಜಾಗದಲ್ಲಿ ಮಾತ್ರ. ದಿನದಿನಕ್ಕೆ ಹಸಿರು ತುಂಬಿದಂತೆ ಅದರ ಅಂಚು ಸ್ಪಷ್ಟವಾಯಿತು. ಮೊದಲು ದುಂಡಗೆ ತಲೆ, ಆಮೇಲೆ ಬಾಗಿದ ಬೆನ್ನು. ಹೊಟ್ಟೆಗೆ ಎಳೆದುಕೊಂಡ ಒಂದು ಮೊಣಕಾಲು. ಕೋಲಿನಂತೆ ನೀಟಿದ ಇನ್ನೊಂದು ಕಾಲು.

ಮಹದೇವಿ ಹೆದರಲಿಲ್ಲ ಎಂದರೆ ಸುಳ್ಳಾದೀತು. ಹಗಲಿನಲ್ಲೂ ಆ ಕಡೆ ಬೆನ್ನು ಮಾಡಿ ನಡೆಯುತ್ತಿರಲಿಲ್ಲ. ಆದರೂ ನೀರು ಚಿಮುಕಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ತಲೆಯ ಕಡೆಗೆ ಚಿಮುಕಿಸುವಾಗ, ಕಣ್ಣಿಗೆ ಬೀಳಬಾರದು ಎಂಬಂತೆ, ಕೈ ಅಡ್ಡ ಹಿಡಿಯುತ್ತಿದ್ದಳು.

ಶಂಕರ್ ಬಂದು ನೋಡಿದವನು ಮೊಪೆಡ್ ಹತ್ತಿ ಹೋದ. ಮಾತು ಅವನಿಗಿಂತ ಮುಂಚೆ ಊರು ಮುಟ್ಟಿತು. ಸಂಜೆ ಜಡೇಸ್ವಾಮಿ ಕುಂತೂರಿನಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋದ. ಮುಳ್ಳಿನ ಹೊರಗೆ ನಿಂತು ಬಹಳ ಹೊತ್ತು ನೋಡಿದ.

"ಟೀ ಅಂಗ್ಡೀಲಿ ಏನಂತವ್ರೆ ಗೊತ್ತಾ?" ಎಂದ ಒಳಗೆ ಬಂದು. "ಜಡೇಸ್ವಾಮಿಯವ್ವ ಮನೆವೊಳ್ಗೆ ಜಾಗ ಸಿಕ್ದೆ ಇತ್ಲಲ್ಲಿ ಮಲಗವ್ಳೆ ಅಂತ. ಈ ಊವ ಯಾರ್ ಮುಡೀತಾರೆ? ನಾಳೆ ಜಾವಕ್ಕೆ ಟ್ರೇಲರ್ ಬಿಚ್ಚಿ ಕಲ್ಟಿವೇಟರ್ ಸಿಗಿಸ್ಕಂಡ್ ಬತ್ತೀನಿ. ಎಲ್ಲಾ ಉತ್ತಾಕ್ಬುಡದು."

"ಅದೇ ಕೊನೇ ಬೀಜ ಕಣಿ. ಉತ್ರೆ ಇನ್ನಿಲ್ಲ."

"ಇಲ್ದಿದ್ರೆ ಬೇಡ! ನಮ್ಮವ್ವ ಬಯಲಲ್ಲಿ, ಚಳೀಲಿ, ಮಣ್ ಮೇಲೆ ಮಲಗವ್ಳೆ ಅಂದ್ರೆ ನನ್ ಕೈಲಿ ತಡ್ಯಕಾಯ್ಕಿಲ್ಲ."

"ಅಲ್ ಚಳಿ ಇಲ್ಲ," ಎಂದಳು ಮಹದೇವಿ ಮೆಲ್ಲಗೆ. "ಅಲ್ಲಿ ಮಾತ್ರ ಬೆಚ್ಚಗದೆ. ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. ಉಣ್ಣದೆ ಟ್ರ್ಯಾಕ್ಟರ್ ಹತ್ತಿ ಹೋದ.

ಬೆಳಕು ಹರಿಯುವ ಮೊದಲು ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಮಹದೇವಿ ಎದ್ದು, ಕಂಬಳಿಯನ್ನೂ ಹೊದೆಯದೆ, ಜಾಲಿಮುಳ್ಳು ಸರಿಸಿ ಪಾತಿಯೊಳಗೆ ಕಾಲಿಟ್ಟಳು. ಒಂದು ಸಸಿಯನ್ನೂ ತುಳಿಯದೆ, ಏನೂ ಏಳದೆ ಬೋಳಾಗಿ ಬಿದ್ದಿದ್ದ ಅರ್ಧದಲ್ಲಿ ಮಗ್ಗುಲಾಗಿ ಮಲಗಿದಳು. ಹಿಂದೆ ಮಲಗುತ್ತಿದ್ದ ಹಾಗೆಯೇ, ಆ ಬೆನ್ನಿನ ಕಡೆಗೆ ತನ್ನ ಬೆನ್ನು ಮಾಡಿ.

ನೆಲದ ಚಳಿ ಪಕ್ಕೆಯಿಂದ ಎಲುಬಿಗೆ ಏರಿತು. ಹಲ್ಲು ಕಟಕಟ ಎಂದಿತು. ಆಗ ಬೆನ್ನಿಗೆ ಏನೋ ಒತ್ತಿತು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. ಕಾವು ಸೊಂಟದಿಂದ ಭುಜದವರೆಗೆ ನಿಧಾನ ಹರಡಿತು. ಮಹದೇವಿ ತಿರುಗಿ ನೋಡಲಿಲ್ಲ. ತಿರುಗಿದರೆ ಆ ಕಡೆಯೂ ತಿರುಗಬಹುದು ಎನ್ನಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಟ್ರ್ಯಾಕ್ಟರಿನ ದೀಪ ಮಂಜನ್ನು ಸೀಳಿಕೊಂಡು ಬಂದು ಪಾತಿಯ ಅಂಚಿನಲ್ಲಿ ನಿಂತಿತು.

"ಲೇ ಮಾದೇವಿ! ಏಳೇ! ತಲೆ ಕೆಟ್ಟದಾ ನಿಂಗೆ?"

ಅವಳು ಏಳಲಿಲ್ಲ. ಅವನು ಇಳಿದು ಬಂದ. ದೀಪದ ಬೆಳಕಿನಲ್ಲಿ ಹೆಂಡತಿಯ ಸೀರೆಯ ಮೇಲೆ, ಕೂದಲ ಮೇಲೆ ಇಬ್ಬನಿ ಹೊಳೆಯುತ್ತಿತ್ತು. ಅವಳ ಬೆನ್ನ ಹಿಂದಿನ ಹಸಿರಿನ ಮೇಲೆ ಒಂದು ಹನಿಯೂ ಇರಲಿಲ್ಲ. ಅವನು ಹಿಂದಕ್ಕೆ ಹೋಗಿ ಎಂಜಿನ್ ಆರಿಸಿದ.

ಆ ಮೌನದಲ್ಲಿ ಅವನ ತಲೆಯ ಹತ್ತಿರವೇ ನೆಟಿಗೆ ಮುರಿಯಿತು. ಒಂದಲ್ಲ, ಎರಡಲ್ಲ. ಹಬ್ಬದ ದಿನ ಹೊಸ ಅಂಗಿಗೆ ಮುರಿದಂತೆ, ಹತ್ತೂ ಬೆರಳು.

ಜಡೇಸ್ವಾಮಿ ತಲೆಗೆ ಸುತ್ತಿದ್ದ ಟವೆಲ್ ತೆಗೆದ. ತಲೆ ಬಗ್ಗಿಸಿ ನಿಂತ. ಬೆಳಕು ಹರಿದ ಮೇಲೆ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಮತ್ತೆ ಉಳುವ ಮಾತು ಎತ್ತಲಿಲ್ಲ.

ಅಂದಿನಿಂದ ಮಹದೇವಿ ಒಳಗೇ ಮಲಗಿದಳು, ಎರಡು ಕಂಬಳಿ ಹೊದ್ದು. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಪಾತಿಯ ಬೋಳು ಅರ್ಧದಲ್ಲಿ, ಅವಳು ಮಲಗಿದ್ದಷ್ಟೇ ಜಾಗದಲ್ಲಿ, ಇಬ್ಬನಿ ಬಿದ್ದಿರುತ್ತಿರಲಿಲ್ಲ. ಬಗ್ಗಿ ಮುಟ್ಟಿದಳು. ಮಣ್ಣು ಬೆಚ್ಚಗಿತ್ತು. ತನ್ನ ತೋಳನ್ನು ತಾನೇ ಮುಟ್ಟಿಕೊಂಡಳು. ಅದು ತಣ್ಣಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಅಲ್ಲಿಯೂ ಸಸಿ ಎದ್ದವು. ಎರಡು ಹಸಿರು ಮೈಗಳು ಬೆನ್ನಿಗೆ ಬೆನ್ನು ಹಚ್ಚಿ ಮಲಗಿದಂತೆ ಪಾತಿ ತುಂಬಿತು. ಮಹದೇವಿ ಅಂಚಿನಲ್ಲಿ ಕುಕ್ಕರಿಸಿ ಒಂದೊಂದೇ ಸಸಿಯ ತಲೆ ನೇವರಿಸಿದಳು. ಇವೆಲ್ಲ ಕಿತ್ತು ನೆಟ್ಟರೆ ತೋಟದ ಅರ್ಧವಾದರೂ ತುಂಬೀತು. ಕೆಂಡದ ಬಣ್ಣ ಮತ್ತೆ ಬಂದೀತು.

"ಬನ್ನಿ ಕಣ್ಣು, ಬನ್ನಿ," ಎಂದಳು. ಆ ಮಾತು ತನ್ನ ಬಾಯಿಗೆ ಯಾವಾಗ ಬಂತೆಂದು ಅವಳಿಗೆ ತಿಳಿಯಲಿಲ್ಲ. ಸಸಿಗಳ ಮೇಲೆ ಎರಡೂ ಕೈ ಆಡಿಸಿ, ಬೆರಳುಗಳನ್ನು ಕಣತಲೆಗೆ ಒತ್ತಿಕೊಂಡಳು.

ಹತ್ತೂ ಬೆರಳು ಪಟಪಟನೆ ಉಲಿದವು.

ಬೇಲಿಯಾಚೆ ಕೊಡ ಕೆಳಗಿಟ್ಟ ಸದ್ದಾಯಿತು. ಮಂಜಿನೊಳಗಿಂದ ಚಾಮುಂಡಮ್ಮನ ದನಿ ನಡುಗುತ್ತ ಬಂತು.

"ಯಾರದು? ದೊಡ್ಡಬಸಮ್ಮಾ?"

ಮಹದೇವಿ ತನ್ನ ಕೈಗಳನ್ನೇ ನೋಡುತ್ತಿದ್ದಳು.

"ನಾನೇ ಕಣಕ್ಕ," ಎಂದಳು.