ಮುಯ್ಯಾಳಿಗೆ ಎರಡು ಟೇಬಲ್

ನಾಳೆ ಬೆಳಿಗ್ಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ನೋಡುವಾಗ ಸರ್ ಆ ಒಂದು ಪ್ರಶ್ನೆ ಕೇಳಿಬಿಟ್ಟರೆ? ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗಲೂ, ಮಗುವಿನ ಬಟ್ಟೆ ಒಣಹಾಕುವಾಗಲೂ ಕನಕಲಕ್ಷ್ಮಿಯ ತಲೆಯನ್ನು ಇದೊಂದೇ ಕೊರೆಯುತ್ತಿತ್ತು.

ಮೈಸೂರಿನಲ್ಲಿ ಓದಿ ಬೆಳೆದವಳು. ಮದುವೆಯಾಗಿ ಹಾಸನಕ್ಕೆ ಬಂದು, ಇಂಚರ ಹುಟ್ಟಿದ ಮೇಲೆ, ಎರಡು ಸಾವಿರದ ಎರಡರಲ್ಲಿ ಹಟ ಹಿಡಿದು ಎಂಸಿಎ ಸೇರಿದಳು. ತರಗತಿಗೆಲ್ಲ ದೊಡ್ಡವಳು; ಜಾಣೆಯೂ ತಾನೇ ಎಂದುಕೊಂಡಿದ್ದಳು, ಅನುಶ್ರೀ ಪಕ್ಕದಲ್ಲಿ ಬಂದು ಕೂರುವವರೆಗೆ.

ಅನುಶ್ರೀ ಅರಕಲಗೂಡು ಕಡೆಯ ಬೇಸಾಯಗಾರರ ಮನೆಯ ಹುಡುಗಿ. ಕಂಕುಳಲ್ಲಿ ಮಗುವಿಲ್ಲ, ಗಡಿಯಾರ ನೋಡುವ ಗೊಡವೆಯಿಲ್ಲ. ಲ್ಯಾಬಿನ ಬಾಗಿಲು ಹಾಕುವತನಕ ಕೂರುತ್ತಿದ್ದಳು. ಮಾಹಿತಿಯನ್ನು ಪಟ್ಟಿಗಳಾಗಿ ಜೋಡಿಸಿಡುವ ಡೇಟಾಬೇಸ್ ತರಗತಿಯಲ್ಲಿ, "ಟೇಬಲ್ ಹೇಗೆ ಬಿಡಿಸಬೇಕು ಅಂತ ಅನುಶ್ರೀನ ನೋಡಿ ಕಲೀರಿ" ಎಂದು ಸರ್ ಅಂದ ದಿನ ಕನಕಳಿಗೆ ಮನೆಯ ಕಾಫಿಯೂ ರುಚಿಸಲಿಲ್ಲ. ಅದೂ ಹೋಗಲಿ, ಒಮ್ಮೆ ಅನುಶ್ರೀ ಮನೆಗೆ ಬಂದಿದ್ದಾಗ, ಕನಕಳ ತೋಳಲ್ಲಿ ಕಿರುಚಾಡುತ್ತಿದ್ದ ಇಂಚರ ಅವಳ ತೊಡೆಯೇರಿ ಕಿಲಕಿಲ ನಕ್ಕುಬಿಟ್ಟಿದ್ದಳು. "ನೋಡೇ ಕನಕ, ಮಗೂಗೂ ಗೊತ್ತು ಯಾರಿಗೆ ತಾಳ್ಮೆ ಇದೆ ಅಂತ" ಎಂದು ಅತ್ತೆ ಬೇರೆ.

ಇಬ್ಬರಿಗೂ ಸೇರಿ ಒಂದೇ ಪ್ರಾಜೆಕ್ಟ್. ವಿಷಯ ಕೊಟ್ಟವಳು ಅನುಶ್ರೀ: ಅವಳೂರಿನ ಮುಯ್ಯಾಳು. ರಾಗಿ ಕೊಯ್ಲಿಗೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವುದು, ಆ ದುಡಿತವನ್ನು ದುಡಿತದಲ್ಲೇ ತೀರಿಸುವುದು. ಯಾರು ಯಾರಿಗೆ ಇನ್ನೂ ಮುಯ್ಯಿ, ಅಂದರೆ ಆ ದುಡಿತದ ಸಾಲ, ತೀರಿಸಬೇಕು ಎಂದು ಕಂಪ್ಯೂಟರ್ ಹೇಳಬೇಕು. "ಡಿಸೈನ್ ನಂದು" ಎಂದು ಕನಕ ಮೊದಲೇ ಕಿತ್ತುಕೊಂಡಿದ್ದಳು. ಹೊಲದ ಯಜಮಾನರಿಗೊಂದು ಟೇಬಲ್, ಆಳುಗಳಿಗೊಂದು.

ಅನುಶ್ರೀ ನೋಡಿದವಳೇ, "ಅಕ್ಕಾ, ನಮ್ಮೂರಲ್ಲಿ ಇವತ್ತಿನ ಯಜಮಾನ್ರೇ ನಾಳೆ ಆಳು ಕಣಕ್ಕಾ. ಎಲ್ಡು ಟೇಬಲ್ ಯಾಕೆ?" ಎಂದಿದ್ದಳು.

"ಇದು ಕಾಲೇಜಿನ ಪ್ರಾಜೆಕ್ಟು ಅನುಶ್ರೀ, ನಿಮ್ಮೂರಿನ ಹೊಲ ಅಲ್ಲ."

"ಆಯ್ತು ಬುಡಿ, ನಿಮ್ಮಿಷ್ಟ."

ಈಗ ಹಾಳೆಯ ಮೇಲೆ ಅನುಶ್ರೀ ಕೊಟ್ಟ ಊರವರ ಹೆಸರು ತುಂಬುತ್ತ ಹೋದರೆ ದೊಡ್ಡತಾಯಮ್ಮ ಎಂಬ ಒಬ್ಬಾಕೆಯೇ ಎರಡೂ ಟೇಬಲ್‌ಗಳಲ್ಲಿ, ಬೇರೆ ಬೇರೆ ನಂಬರಿನಲ್ಲಿ ಕೂತಿದ್ದಾರೆ. ತನ್ನ ಹೊಲಕ್ಕೆ ಬಂದವರ ಮುಯ್ಯಿಯನ್ನು ಆಕೆ ತಾನೇ ಹೋಗಿ ತೀರಿಸಿದ್ದು ಕಂಪ್ಯೂಟರಿಗೆ ಗೊತ್ತಾಗುವ ಬಗೆಯೇ ಇಲ್ಲ. ಇಡೀ ಊರೇ ಮುಯ್ಯಿ ಉಳಿಸಿಕೊಂಡಂತೆ ಕಾಣುತ್ತದೆ. ಸರ್ ಕೇಳುವುದೇ ಅದನ್ನು. ಎರಡನ್ನೂ ಸೇರಿಸಿ ಒಂದು ಮಾಡಿದಳು; ಆದರೆ ಒಂದು ಟೇಬಲ್ಲನ್ನು ಅದಕ್ಕೇ ಜೋಡಿಸುವುದು ಹೇಗೆ? ಆ ಪಾಠದ ದಿನ ಇಂಚರಳಿಗೆ ಜ್ವರ, ಇವಳು ರಜೆ.

ಆ ಹುಡುಗಿಯನ್ನು ಕೇಳುವುದೇ? ಅದಕ್ಕಿಂತ ಅಂಕ ಹೋಗಲಿ ಎನಿಸಿತು. ಆದರೆ ಹೋಗುವುದು ಇಬ್ಬರ ಅಂಕವೂ. ಎಲ್ಲರೆದುರು "ನಾನು ಹೇಳಿದ್ದೆ ಸಾ" ಎನ್ನಲು ಅನುಶ್ರೀಗೆ ಬಾಯಿದೆ. ತನಗೆ ಅದೂ ಇಲ್ಲ.

ಕೊನೆಗೆ ಫೋನೆತ್ತಿದಳು. ಅನುಶ್ರೀಯ ತಾಯಿ ಮುದ್ದಮ್ಮ ಸಿಕ್ಕರು. "ಇರವ್ವ, ಸಣ್ಣಯ್ಯನ ವಲಕ್ಕೆ ಮುಯ್ಯಿಗೋಗಿದ್ಲು, ಈಗ್ಲೇ ಬಂದವ್ಳೆ."

"ಏನಕ್ಕಾ, ಪಾಪು ಅಳ್ತಾ ಐತೆ?" ಅನುಶ್ರೀಯ ದನಿ.

"ಇಲ್ಲ. ನೀನು ಹೇಳಿದ್ದೇ ಸರಿ. ಎರಡು ಟೇಬಲ್ ತಪ್ಪು. ಒಂದು ಮಾಡಿದೆ, ಮುಂದೆ ಗೊತ್ತಾಗ್ತಿಲ್ಲ."

ಅನುಶ್ರೀ ಒಂದೇ ಉಸಿರಿಗೆ ಹೇಳಿದಳು, "ಮನೆಗಳೆಲ್ಲ ಒಂದು ಟೇಬಲ್. ಮುಯ್ಯಿ ಇನ್ನೊಂದು. ಅದ್ರಲ್ಲಿ ಕೆಲ್ಸಕ್ಕೆ ಬಂದೋರ ಮನೆ ನಂಬರು, ವಲದೋರ ಮನೆ ನಂಬರು. ಎಲ್ಡೂ ಮೊದಲ್ನೇ ಟೇಬಲ್ಲಿಂದ್ಲೇ ಬರ್ಬೇಕು ಕಣಕ್ಕಾ."

ಎಷ್ಟು ಸಲೀಸು! ಕನಕಳ ಹೊಟ್ಟೆ ಮತ್ತೆ ಉರಿಯಿತು. ಉರಿಯುತ್ತಲೇ ಪೆನ್ನು ತೆಗೆದುಕೊಂಡಳು.

"ನಿಧಾನಕ್ಕೆ ಹೇಳೇ, ಬರ್ಕೋತೀನಿ. ಮತ್ತೆ... ನಾಳೆ ಸರ್ ಮುಂದೆ ಡಿಸೈನ್ ನೀನೇ ವಿವರಿಸು."