ವೈನಿಯ ಎಡಗೈ

ಎಲುಬು ಕೂಡಿಸುವುದರಲ್ಲಿ ನನ್ನ ಕೈಗುಣ ದೊಡ್ಡದೆಂದು ನಮ್ಮ ಸುತ್ತಲಿನ ಹಳ್ಳಿಯವರು ಹೇಳುತ್ತಾರೆ. ಹೇಳುವವರನ್ನು ನಾನು ತಡೆದಿಲ್ಲ. ಹೊಗಳಿಕೆ ಯಾರಿಗೆ ಬೇಡ? ಆದರೆ ನಾನು ಮೊಟ್ಟಮೊದಲು ಕಟ್ಟಿದ ಕೈ ಯಾರದು, ಅದು ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಇವತ್ತು ಬರೆಯುತ್ತೇನೆ. ಮುಚ್ಚಿಟ್ಟು ಸಾಕಾಗಿದೆ.

ನಮ್ಮೂರು ಭಾಲ್ಕಿಯಿಂದ ಔರಾದ ಕಡೆಗೆ ಹೋಗುವ ಹಾದಿಯಲ್ಲಿದೆ. ನಮ್ಮದು ಕುರಿ ಸಾಕುವ ಮನೆತನ. ಪಕ್ಕದ ಮನೆ ಲಿಂಗವಂತರದು, ನಡುವೆ ಒಂದೇ ಗೋಡೆ. ಆ ಮನೆಯ ಸೊಸೆಯನ್ನು ನಾನು ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ವೈನಿ ಎಂದು ಕರೆಯುತ್ತಿದ್ದೆ. ನನಗಿಂತ ಐದಾರು ವರ್ಷ ದೊಡ್ಡವರು. ದಿನಾ ಮುಂಜಾನೆ ಸ್ನಾನ ಮಾಡಿ, ಕೊರಳಲ್ಲಿದ್ದ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಅವರು ಪೂಜೆಗೆ ಕೂತರೆಂದರೆ ಅತ್ತೆ ಕೂಡ ಮಾತಾಡಿಸುತ್ತಿರಲಿಲ್ಲ. ನಾನು ಮಾತ್ರ ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಎಷ್ಟು ಹೊತ್ತಾದರೂ ಆ ಅಂಗೈ ಅಲುಗುತ್ತಿರಲಿಲ್ಲ. ನನಗೋ ಎರಡು ನಿಮಿಷ ಒಂದು ಕಡೆ ಕೂಡುವುದೇ ಶಿಕ್ಷೆ.

ಹೈದರಾಬಾದಿನ ಮೇಲೆ ಪೊಲೀಸ್ ಆಕ್ಷನ್ ಆಗುವುದಕ್ಕೆ ತುಸು ಮುಂಚಿನ ಮಾತು. ನಾನು ಹದಿನೆಂಟರ ಹುಡುಗಿ. ಊರು ಲೂಟಿ ಮಾಡುವ ಬಂದೂಕಿನವರು ಆ ಊರಿಗೆ ಬಂದರಂತೆ, ಈ ಊರಿಗೂ ಬರುತ್ತಾರಂತೆ ಎಂದು ದಿನಕ್ಕೊಂದು ಸುದ್ದಿ. ಒಂದು ಮುಂಜಾನೆ ಗಂಡಸರು ಊರು ಕಾಯಲು ಉಳಿದು, ಹೆಂಗಸರು ಮಕ್ಕಳನ್ನೆಲ್ಲ ಒಂದು ಹರದಾರಿ ಆಚೆಯ ಕೊಳ್ಳಕ್ಕೆ ಕಳಿಸಿದರು. ಮುಳ್ಳುಕಂಟಿ ಬೆಳೆದ ಜಾಗ, ಮನುಷ್ಯರ ಸುಳಿವಿಲ್ಲ. ಇಳಿಯುವಾಗ ಮಳೆಗೆ ಪಾಚಿಗಟ್ಟಿದ ಕೆಂಪು ಕಲ್ಲಿನ ಮೇಲೆ ವೈನಿ ಜಾರಿ ಬಿದ್ದರು. ಎದ್ದು ಕೂತಾಗ ಎಡ ಮುಂಗೈ ನಡುವೆ ಬಾಗಿತ್ತು.

ಎಲ್ಲರೂ ನನ್ನ ಮುಖ ನೋಡಿದರು. ಕುರಿಯ ಕಾಲು ಮುರಿದರೆ ಕಟ್ಟುವುದರಲ್ಲಿ ನಮ್ಮಪ್ಪನದು ಎತ್ತಿದ ಕೈ. ಮುರಿದ ಕಾಲನ್ನು ಹಿಡಿದುಕೊಳ್ಳುವ ಕೆಲಸ ಚಿಕ್ಕಂದಿನಿಂದ ನನ್ನದು. ಬುಟ್ಟಿಯೊಂದನ್ನು ಮುರಿದು ಬಿದಿರಿನ ದಬ್ಬೆ ಮಾಡಿಕೊಂಡೆ. ಕೈ ಹಿಡಿದು ಎಳೆದೆ. ಎಲುಬು ಲಟಕ್ಕೆಂದು ಕೂತಿತು, ಕೈ ನೆಟ್ಟಗಾಯಿತು. ಹಳೆಯ ಸೀರೆಯ ಪಟ್ಟಿ ಸುತ್ತಿ, ಮೇಲೆ ಹುರಿ ಬಿಗಿದೆ. ಸಡಿಲ ಕಟ್ಟಿದರೆ ಕುರಿ ಒದ್ದಾಡಿ ಬಿಚ್ಚಿಕೊಳ್ಳುತ್ತದೆ, ಕಾಲು ಸೊಟ್ಟ ಕೂಡುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿತ್ತು. ಮೊಣಕಾಲು ಊರಿ, ಬಿಗಿಯಾಗಿ ಎಳೆದು ಕಟ್ಟಿದೆ. ಕುರಿಯ ಕಾಲಲ್ಲಿ ಎಲುಬು ತೊಗಲು ಬಿಟ್ಟರೆ ಏನಿದೆ? ಮನುಷ್ಯರ ತೋಳಿನಲ್ಲಿ ಮಾಂಸವಿದೆ, ಪೆಟ್ಟು ಬಿದ್ದರೆ ಅದು ಬಾಯುತ್ತದೆ, ಬಾತದ್ದಕ್ಕೆ ಜಾಗ ಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ವೈನಿಯ ಅತ್ತೆ ನನ್ನ ತಲೆ ಸವರಿ, ನೀನಿಲ್ಲದಿದ್ದರೆ ಏನು ಗತಿಯಿತ್ತು ಎಂದರು. ಉಳಿದವರೂ ಹಾಗೇ ಅಂದರು. ಮನೆಯಲ್ಲಿ ಬೈಸಿಕೊಂಡೇ ಬೆಳೆದವಳು ನಾನು. ಆ ಮಧ್ಯಾಹ್ನವೆಲ್ಲ ಬಲು ಜಂಬದಿಂದ ಓಡಾಡಿದೆ.

ಹೊತ್ತು ಇಳಿಯುವ ಮೊದಲೇ ವೈನಿ ಕರೆದು, ಕಟ್ಟು ತುಸು ಸಡಿಲ ಮಾಡು, ಬೆರಳು ಜುಮ್ಮೆನ್ನುತ್ತಿವೆ ಎಂದರು. ಹೊಸ ಕಟ್ಟು ಹಾಗೇ ಇರುತ್ತದೆ ಎಂದು ದೊಡ್ಡ ವೈದ್ಯಳ ಹಾಗೆ ಉತ್ತರ ಕೊಟ್ಟೆ. ಮರುದಿನ ಮುಂಜಾನೆ ಮತ್ತೆ ಕರೆದರು. ಹೋಗಿ ನೋಡಿದೆ. ಬೆರಳು ಬಾತು ನೀಲಿಗಟ್ಟಿದ್ದವು. ಮುಟ್ಟಿದರೆ ತಣ್ಣಗಿದ್ದವು. ಕುರಿಯ ಗೊರಸು ಬಣ್ಣ ಬದಲಿಸುವುದಿಲ್ಲ. ಇಂಥದ್ದನ್ನು ನಾನು ಕಂಡೇ ಇರಲಿಲ್ಲ. ಆದರೆ ಇದು ಸರಿಯಲ್ಲ ಎಂಬುದು ಕಂಡಕೂಡಲೇ ತಿಳಿಯಿತು. ತಿಳಿದೂ ಅವರದೇ ಸೆರಗನ್ನು ಎಳೆದು ಬೆರಳ ಮೇಲೆ ಮುಚ್ಚಿದೆ. ಸುಮ್ಮನೆ ಮಲಗಿರಿ, ನರಳಿದರೆ ಯಾರಾದರೂ ಕೇಳಿಸಿಕೊಂಡಾರು ಎಂದೆ.

ಬಂದೂಕಿನವರ ಭಯಕ್ಕೆ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಜಡಿಮಳೆ ಹಿಡಿದಿತ್ತು, ಸುತ್ತ ಒಂದು ನಾಯಿಯೂ ಇರಲಿಲ್ಲ. ಬಿಚ್ಚಿದರೆ ಕಟ್ಟಿದ್ದು ತಪ್ಪೆಂದು ಒಪ್ಪಿದಂತಾಗುತ್ತದೆ, ಅಷ್ಟು ಜನ ಹೊಗಳಿದ್ದು ನೀರಲ್ಲಿ ಹೋಮವಾಗುತ್ತದೆ. ಅದಕ್ಕೇ ಬಿಚ್ಚಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಬರುವುದು ಇದಕ್ಕೆ.

ನಾಲ್ಕು ದಿನದ ಮೇಲೆ, ಹೈದರಾಬಾದಿನ ರಾಜ್ಯ ಮುಗಿಯಿತು, ವಾಪಸು ಬನ್ನಿ ಎಂದು ಊರಿನಿಂದ ಕರೆ ಬಂತು. ಎಲ್ಲರೂ ನಗುತ್ತ ಹೊರಟರು. ಊರಲ್ಲಿ ಅಪ್ಪ ಕಟ್ಟು ಕತ್ತರಿಸಿದಾಗ ಹುರಿ ಇದ್ದಲ್ಲೆಲ್ಲ ತೊಗಲು ಕಪ್ಪಾಗಿತ್ತು. ಅವನು ಸಡಿಲವಾಗಿ ಮತ್ತೆ ಕಟ್ಟಿ, ಸರಿಹೋಗುತ್ತದೆ ಎಂದ. ಎಲುಬು ನೆಟ್ಟಗೆ ಕೂಡಿತು. ಬೆರಳು ಮಾತ್ರ ಒಳಗೆ ಮುದುಡಿಕೊಂಡವು, ಮತ್ತೆ ತೆರೆಯಲಿಲ್ಲ. ಒಂದು ಮುಂಜಾನೆ ವೈನಿ ಆ ಕೈಯಲ್ಲೇ ಪೂಜೆಗೆ ಕೂತರು. ಲಿಂಗ ಜಾರಿ ನೆಲಕ್ಕೆ ಬಿತ್ತು. ಅವರು ಅತ್ತ ಸದ್ದು ಗೋಡೆಯಾಚೆ ನನಗೆ ಕೇಳಿಸಿತು. ಆಮೇಲೆ ಲಿಂಗವನ್ನು ಬಲಗೈಯಲ್ಲಿ ಹಿಡಿದು, ಮುದುಡಿದ ಎಡಗೈಯಿಂದ ಪತ್ರಿ ಏರಿಸುವುದನ್ನು ರೂಢಿ ಮಾಡಿಕೊಂಡರು. ಅರ್ಧ ಪತ್ರಿ ಕೆಳಗೆ ಬೀಳುತ್ತಿತ್ತು.

ಆ ಚಳಿಗಾಲದಲ್ಲಿ ಅವರನ್ನು ಬೀದರಿನ ಒಬ್ಬ ಹಕೀಮರಿಗೆ ತೋರಿಸಲು ಹೋದೆವು. ಹಕೀಮರದು ಉರ್ದು ಮಾತು. ನಾನು ಉರ್ದು ಸಾಲಿಯಲ್ಲಿ ನಾಲ್ಕು ಜಮಾತು, ಅಂದರೆ ನಾಲ್ಕನೆಯ ತರಗತಿಯ ತನಕ, ಕಲಿತವಳು, ಅದಕ್ಕೆ ಮಾತಾಡಲು ನನ್ನನ್ನು ಕರೆದೊಯ್ದರು. ವೈನಿಯ ಗಂಡ ಹೊರಗೆ ಕಟ್ಟೆಯ ಮೇಲೆ ಕೂತರು. ಹಕೀಮರು ಕೈಯನ್ನು ಬಹಳ ಹೊತ್ತು ಒತ್ತಿ ನೋಡಿದರು. ಎಲುಬು ಚೆನ್ನಾಗಿ ಕೂಡಿದೆ, ಕೈಯನ್ನು ಕೊಂದದ್ದು ಕಟ್ಟು, ಬೆರಳು ನೀಲಿಯಾದ ಕೂಡಲೇ ಬಿಚ್ಚಿದ್ದರೆ ಈ ಕೈ ಉಳಿಯುತ್ತಿತ್ತು ಎಂದರು. ಬೆರಳನ್ನು ಯಾರೂ ನೋಡಲಿಲ್ಲವೇ ಎಂದು ನನ್ನನ್ನೇ ಕೇಳಿದರು.  ನಾನು ವೈನಿಯ ಕಡೆ ತಿರುಗಿದೆ.

“ಎಲುಬು ಛಲೋ ಕೂಡ್ಯದಂತ್ರಿ ವೈನಿ. ಕೈ ಹೋಗಿದ್ದು ಬಿದ್ದ ಪೆಟ್ಟಿಗೆ ಅಂತ.”

ವೈನಿ ನನ್ನನ್ನು ನೋಡಿದರು, ಆಗಲಿ ಎಂದು ಎದ್ದರು. ಭಾಲ್ಕಿಯ ತನಕ ರೈಲು, ಅಲ್ಲಿಂದ ಬಂಡಿ. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಕೈಯ ಆಸೆ ಬಿಟ್ಟ ದುಃಖ ಎಂದುಕೊಂಡೆ.

ಆಮೇಲೆ ಜನ ತಮ್ಮ ಮುರಿದ ಕೈಕಾಲು ತೋರಿಸಲು ನನ್ನ ಬಳಿಗೇ ಬರತೊಡಗಿದರು. ಬೆರಳು ಹೋದದ್ದು ಬಿದ್ದ ಪೆಟ್ಟಿಗೆ ಎಂದು ನಂಬಿದವರಿಗೆ ವೈನಿಯ ನೆಟ್ಟಗಿದ್ದ ಎಲುಬೇ ಸಾಕ್ಷಿ. ನಾನು ಬೆರಳ ತುದಿ ಮುಚ್ಚದೆ ಕಟ್ಟುತ್ತಿದ್ದೆ. ತಾಸಿಗೊಮ್ಮೆ ಉಗುರು ಒತ್ತಿ ನೋಡಿರಿ, ಕೆಂಪು ತಿರುಗಿ ಬಾರದಿದ್ದರೆ ನನ್ನನ್ನು ಕಾಯಬೇಡಿರಿ, ಬಿಚ್ಚಿಬಿಡಿರಿ ಎಂದು ಜೀವ ತಿನ್ನುತ್ತಿದ್ದೆ. ಇದನ್ನೆಲ್ಲಿ ಕಲಿತೆ ಎಂದರೆ ಅಪ್ಪನಿಂದ ಎನ್ನುತ್ತಿದ್ದೆ. ಆ ಸುಳ್ಳಿಗೂ ನಾಲಿಗೆ ತೊದಲುತ್ತಿರಲಿಲ್ಲ.

ಮೂವತ್ತು ವರ್ಷ ದಾಟಿದ ಮೇಲೆ ಒಂದು ಮಧ್ಯಾಹ್ನ, ವೈನಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಾಗ, ಎದುರು ಕೂತು ಎಲ್ಲ ಹೇಳಿದೆ. ನೀಲಿ ಬೆರಳು, ಸೆರಗು, ಹಕೀಮರ ಮಾತು. ಅವರು ಕೈಯಲ್ಲಿದ್ದ ಮೊರ ಕೆಳಗಿಡಲಿಲ್ಲ.

“ಹಕೀಮ ಅಂದಿದ್ದು ನನಗ ಅಲ್ಲೇ ತಿಳದಿತ್ತು. ಬೀದರ ಬಾಜಾರದಾಗ ನಾ ಕೈಬಳಿ ಯಾವ ಮಾತಿನಾಗ ತೊಗೊಂಡೀನಿ ಅಂದ್ಕೊಂಡಿ? ನಿನ್ನಷ್ಟು ಓದಿಲ್ಲ ಖರೆ, ಕಿವಿ ಅದಾವಲ್ಲ?”

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. 

“ನೀ ಹೇಳ್ತಿ ಅಂತ ಕಾದೆ. ರೈಲಿನಾಗ ಕಾದೆ, ಬಂಡ್ಯಾಗ ಕಾದೆ. ಆಮ್ಯಾಲ ದಿನಾ ಗ್ವಾಡಿ ಆಚಿಂದ ನಿನ್ನ ದನಿ ಕೇಳಿದಾಗೆಲ್ಲ ಕಾದೆ. ಅವತ್ತ ಹೇಳಿದ್ರ ನಾ ಅಳ್ತಿದ್ದೆ, ನಿನಗ ಬೈತಿದ್ದೆ, ಮುಗೀತಿತ್ತು. ಈಗ ನನಗ ಅಳೂನೂ ಬರವಲ್ದು.”

ನನಗೆ ಮಾತ್ರ ಅಳು ಬಂತು. ಅವರು ಸುಮ್ಮನಿರು ಎನ್ನಲಿಲ್ಲ. ಮುದುಡಿದ ಕೈಯನ್ನು ಮೊರದ ಅಂಚಿಗೆ ಆನಿಸಿಕೊಂಡು, ಬಲಗೈಯಿಂದ ತೊಗರಿಯ ಹರಳು ಆರಿಸುತ್ತ ಕೂತರು.